ನಮ್ಮ ಕಣ್ಣಿಗೆ ಬೀಳದ ಫೋಟೋಗಳು

ಒಂದೇ ಒಂದು ಫೋಟೋ ಯುದ್ಧ ನಿಲ್ಲಿಸಿತು ಅನ್ನುವ ಮಾತನ್ನು ಪತ್ರಕರ್ತರ ಬಾಯಲ್ಲೂ ಕೇಳುತ್ತಿರುತ್ತೇನೆ. ವಿಯೆಟ್ನಾಂ ಅಂದ ಕೂಡಲೇ ನೇಪಾಮ್ ಬೆಂಕಿಯಲ್ಲಿ ಬೆಂದು, ಬೆತ್ತಲೆಯಾಗಿ ಓಡಿಬರುತ್ತಿರುವ ಆ ಹುಡುಗಿ ನೆನಪಾಗುತ್ತಾಳೆ. ಆದರೆ ಆ ಚಿತ್ರ 1972ರ ಜೂನ್ 8ರದ್ದು. ಅಷ್ಟು ಹೊತ್ತಿಗೆ ಅಮೆರಿಕದ ಸೈನಿಕರಲ್ಲಿ ಹೆಚ್ಚಿನವರು ಊರು ಸೇರಿದ್ದರು. ಬಾಂಬ್ ಹಾಕಿದ್ದು ಅಮೆರಿಕದ್ದಲ್ಲ, ಅದರ ಮಿತ್ರಪಕ್ಷವಾದ ದಕ್ಷಿಣ ವಿಯೆಟ್ನಾಮಿನ ವಿಮಾನ. ಸೈಗಾನ್ ಬೀದಿಯಲ್ಲಿ ಕೈದಿಯ ತಲೆಗೆ ಗುಂಡಿಕ್ಕುವ ಕ್ಷಣವನ್ನು ಛಾಯಾಗ್ರಾಹಕ ಎಡ್ಡಿ ಆಡಮ್ಸ್ ಸೆರೆಹಿಡಿದದ್ದು 1968ರ ಫೆಬ್ರವರಿಯಲ್ಲಿ. ಯುದ್ಧಕ್ಕೆ ಇಳಿದದ್ದೇ ತಪ್ಪು ಎನ್ನುವ ಅಮೆರಿಕನ್ನರ ಸಂಖ್ಯೆ 1967ರ ಕೊನೆಗೇ ಏರಿತ್ತು. ಈ ಚಿತ್ರಗಳು ಜನರ ಮನಸ್ಸನ್ನು ಕಲಕಿದವು, ಅದರಲ್ಲಿ ಎರಡು ಮಾತಿಲ್ಲ. ಆದರೂ ಯುದ್ಧದ ಬಗ್ಗೆ ನಮ್ಮ ಅಭಿಪ್ರಾಯವನ್ನು ಹೆಚ್ಚು ತಿದ್ದುವುದು ನಮ್ಮ ತನಕ ಬರಲು ಬಿಡದ ಚಿತ್ರಗಳೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಇರಾಕಿನ ವಿರುದ್ಧ ನಡೆದ 1991ರ ಕೊಲ್ಲಿ ಯುದ್ಧವನ್ನೇ ನೋಡಿ. ವಿಯೆಟ್ನಾಮಿನಿಂದ ಪಾಠ ಕಲಿತಿದ್ದ ಅಮೆರಿಕದ ಸೇನೆ ಪತ್ರಕರ್ತರನ್ನು ಸಣ್ಣ ಸಣ್ಣ ಗುಂಪು ಮಾಡಿ, ಜೊತೆಗೊಬ್ಬ ಅಧಿಕಾರಿಯನ್ನು ಹಾಕಿ, ತಾನು ಹೇಳಿದ ಕಡೆಗೆ ಮಾತ್ರ ಕರೆದೊಯ್ಯುತ್ತಿತ್ತು. ಟಿವಿಯಲ್ಲಿ ಜನ ಕಂಡದ್ದು ಗುರಿಗೆ ಸರಿಯಾಗಿ ಹೋಗಿ ಬೀಳುವ ಬಾಂಬುಗಳ ಕಪ್ಪು-ಬಿಳುಪು ದೃಶ್ಯ. ಕಟ್ಟಡ ಸಿಡಿಯುತ್ತದೆ, ಪರದೆ ಮಸುಕಾಗುತ್ತದೆ, ಮನುಷ್ಯರು ಕಾಣುವುದೇ ಇಲ್ಲ. ಆ ಯುದ್ಧದಲ್ಲಿ ಹಾಕಿದ ಬಾಂಬುಗಳಲ್ಲಿ ಹೀಗೆ ಗುರಿ ಹುಡುಕಿ ಹೋಗುವಂಥವು ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಟಿವಿ ನೋಡಿದವರಿಗೆ ಎಲ್ಲವೂ ಅಂಥವೇ ಅನ್ನಿಸಿತು.

ಯುದ್ಧದ ಕೊನೆಯಲ್ಲಿ ಕೆನೆತ್ ಜಾರೆಕಿ ಎಂಬ ಯುವ ಛಾಯಾಗ್ರಾಹಕ ಇರಾಕಿನ ಹೆದ್ದಾರಿಯಲ್ಲಿ ಸುಟ್ಟುಹೋದ ಲಾರಿಯೊಂದರ ಮುಂದೆ ನಿಂತ. ಲಾರಿಯ ಮುಂಗಾಜು ಇದ್ದ ಜಾಗದಿಂದ ಹೊರಬರಲು ಮೇಲೆದ್ದ ಇರಾಕಿ ಸೈನಿಕ, ಎದ್ದ ಭಂಗಿಯಲ್ಲೇ ಕರಕಲಾಗಿದ್ದಾನೆ. ಬದುಕಲು ಅವನು ಪಟ್ಟ ಕಡೆಯ ಪ್ರಯತ್ನ ಆ ದೇಹದಲ್ಲಿ ಹಾಗೇ ನಿಂತಿದೆ. ಚಿತ್ರ ನ್ಯೂಯಾರ್ಕ್ ತಲುಪಿದಾಗ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಸಂಪಾದಕರು ಅದನ್ನು ತಡೆಹಿಡಿದರು. ಬ್ರಿಟನ್ನಿನ ಅಬ್ಸರ್ವರ್ ಪತ್ರಿಕೆ ಪ್ರಕಟಿಸಿತು. ಅಮೆರಿಕದ ಓದುಗರಿಗೆ ಆ ಹೊತ್ತಿನಲ್ಲಿ ಸಿಗಲಿಲ್ಲ. ಗಮನಿಸಿ, ಇಲ್ಲಿ ಅಡ್ಡ ಬಂದದ್ದು ಸೇನೆಯಲ್ಲ, ಸುದ್ದಿಮನೆ. ಓದುಗರಿಗೆ ನೋವಾಗುತ್ತದೆ ಅನ್ನುವ ಈ ಕಾಳಜಿ ನನ್ನನ್ನು ಸಿಟ್ಟಿಗೇಳಿಸುತ್ತದೆ. ಯಾರ ತೆರಿಗೆ ಹಣದಲ್ಲಿ ಆ ಲಾರಿ ಉರಿಯಿತೋ ಅವರಿಗೆ ಆ ನೋವು ತಟ್ಟಲೇಬೇಕಿತ್ತು. ಅದೇ ವರ್ಷದಿಂದ 2009ರವರೆಗೆ, ಅಮೆರಿಕದ ಡೋವರ್ ವಾಯುನೆಲೆಗೆ ಬಂದಿಳಿಯುವ ತಮ್ಮದೇ ಸೈನಿಕರ ಶವಪೆಟ್ಟಿಗೆಗಳ ಫೋಟೋ ತೆಗೆಯುವುದಕ್ಕೂ ಅಲ್ಲಿ ನಿಷೇಧವಿತ್ತು.

ಹಾಗಂತ ಶವ ತೋರಿಸಿದರೆ ಜನ ಯುದ್ಧದ ವಿರುದ್ಧ ತಿರುಗುತ್ತಾರೆ ಎಂದೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನ ಸತ್ತ ಸೈನಿಕರ ಚಿತ್ರಗಳನ್ನು ಬಹುಕಾಲ ಬಚ್ಚಿಟ್ಟಿತ್ತು. ಜನ ಯುದ್ಧವನ್ನು ಹಗುರವಾಗಿ ತೆಗೆದುಕೊಳ್ಳುತ್ತಿದ್ದಾರೆ ಎನ್ನಿಸಿದಾಗ, 1943ರ ಸೆಪ್ಟೆಂಬರಿನಲ್ಲಿ, ನ್ಯೂಗಿನಿಯ ಬುನಾ ಕಡಲತೀರದಲ್ಲಿ ಬಿದ್ದಿದ್ದ ಮೂವರ ಚಿತ್ರ ಲೈಫ್ ಪತ್ರಿಕೆಯಲ್ಲಿ ಬರಲು ಒಪ್ಪಿಗೆ ಕೊಟ್ಟಿತು. ಮುಖ ಯಾರದ್ದೂ ಕಾಣುವುದಿಲ್ಲ. ಅಂದರೆ ಯಾವ ಹೆಣ, ಯಾವಾಗ, ಎಷ್ಟು ಕಾಣಬೇಕು ಎಂಬ ತೀರ್ಮಾನ ಯುದ್ಧ ಮಾಡುವವರದ್ದೇ ಆಗಿತ್ತು.

ಇದು ಕ್ಯಾಮೆರಾದಷ್ಟೇ ಹಳೆಯ ಕಥೆ. 1855ರಲ್ಲಿ ಕ್ರೈಮಿಯಾ ಯುದ್ಧಕ್ಕೆ ಹೋದ ಬ್ರಿಟಿಷ್ ಛಾಯಾಗ್ರಾಹಕ ರೋಜರ್ ಫೆಂಟನ್ನನ ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಬ್ರಿಟಿಷ್ ಸೈನಿಕನ ಒಂದು ಶವವೂ ಇಲ್ಲ. ಮೂರೇ ವರ್ಷದ ನಂತರ ಲಖನೌದ ಸಿಕಂದರ್ ಬಾಗ್‌ನಲ್ಲಿ ಫೆಲಿಚೆ ಬೆಯಾಟೊ ತೆಗೆದ ಚಿತ್ರದ ತುಂಬ ನಮ್ಮ ಸಿಪಾಯಿಗಳ ಅಸ್ಥಿಪಂಜರಗಳು. ಚಿತ್ರಕ್ಕಾಗಿಯೇ ಎಲುಬುಗಳನ್ನು ಅಂಗಳದಲ್ಲಿ ಹರಡಲಾಗಿತ್ತು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ತಮ್ಮವರು ಸತ್ತರೆ ಮರ್ಯಾದೆಯ ಮರೆ, ಎದುರಾಳಿ ಸತ್ತರೆ ಪ್ರದರ್ಶನ.

ಗಾಜಾದಲ್ಲಿ 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾಗಿ ಎರಡು ವರ್ಷ ಮುಗಿದರೂ ವಿದೇಶಿ ಪತ್ರಕರ್ತರಿಗೆ ಸ್ವತಂತ್ರವಾಗಿ ಒಳಹೋಗಲು ಇಸ್ರೇಲ್ ಬಿಟ್ಟಿರಲಿಲ್ಲ. ಹೋದವರು ಅದರ ಸೇನೆಯ ಜೊತೆಗೇ ಹೋಗಬೇಕಿತ್ತು. ಜಗತ್ತು ನೋಡಿದ ಚಿತ್ರಗಳಲ್ಲಿ ಬಹುಪಾಲು ಅಲ್ಲಿನ ಪ್ಯಾಲೆಸ್ಟೀನಿ ಛಾಯಾಗ್ರಾಹಕರು ತೆಗೆದದ್ದು. ಅವರಲ್ಲಿ ಎಷ್ಟೋ ಜನ ಆ ಕೆಲಸದಲ್ಲೇ ಜೀವ ಬಿಟ್ಟರು.

ಹಾಗಾಗಿ ಪತ್ರಿಕೆ, ಚಾನೆಲ್‌ಗಳಿಂದ ನನಗೆ ಬೇಕಿರುವುದು ಇಷ್ಟು: ಯುದ್ಧದ ಪ್ರತಿ ಫೋಟೋದ ಅಡಿಬರಹದಲ್ಲಿ, ತೆಗೆದವರು ಯಾರ ಜೊತೆ ಹೋಗಿದ್ದರು, ಯಾರ ಅನುಮತಿ ಬೇಕಾಯಿತು, ಎಲ್ಲಿಗೆ ಬಿಡಲಿಲ್ಲ ಎಂದು ಬರೆಯಿರಿ. ವಿದೇಶದ ಕೆಲವು ಸುದ್ದಿಸಂಸ್ಥೆಗಳು ಈಗಾಗಲೇ ಬರೆಯುತ್ತಿವೆ. ಡೆಸ್ಕಿನಲ್ಲಿ ಕೂತವರಿಗೆ ಇದು ಒಂದು ಸಾಲಿನ ಕೆಲಸ.