ಲೋನ್ ಆಮ್ಯಾಲ ಕೇಳಮಿ, ಮೊದ್ಲ ಯಾರದರ ಅಂಗಡ್ಯಾಗ ಕೂಡ್ರಿ

ಮೊನ್ನೆ ಸೋಮವಾರ ಮಧ್ಯಾಹ್ನ, ಬಿಸಲು ಅಂದ್ರ ಬಿಸಲು, ಕಲಬುರಗಿಯ ಆಳಂದ ಚೆಕ್‌ಪೋಸ್ಟ್ ಕಡೆ ನಮ್ಮ ರಿವೈಂಡಿಂಗ್ ಅಂಗಡಿ (ಸುಟ್ಟ ಮೋಟರಿಗಿ ಹೊಸಾ ತಂತಿ ಸುತ್ತೋದು) ಮುಂದ ಬೈಕ್ ನಿಲ್ಲಿಸಿ ಒಬ್ಬ ಹುಡುಗ ಇಳಿದ. ಮೋಟರ್ ಗೀಟರ್ ಏನೂ ತಂದಿಲ್ಲ, ಕೈಯಾಗ ಒಂದು ಪ್ಲಾಸ್ಟಿಕ್ ಫೈಲ್. ಫೈಲ್ ನೋಡಿದ ಕೂಡ್ಲೆ ನನಗ ತಿಳೀತು, ಯಾಕಂದ್ರ ಅಂಥಾದೇ ಫೈಲ್ ಹಿಡ್ಕೊಂಡು ನಾನೂ ಏಳು ವರ್ಷ ತಿರುಗೀನಿ. "ಅಣ್ಣಾ, ನಿಮಗ ಲೋನ್ ಆಗ್ಯಾದಂತಲ್ಲ, ಹ್ಯಾಂಗ ಮಾಡ್ಸಿದ್ರಿ ಜರಾ ಹೇಳ್ರಿ" ಅಂದ. ಏನು ಧಂದಾ ಹಚ್ಚಾಂವ ತಮ್ಮಾ ಅಂತ ಕೇಳ್ದೆ. "ಅದು ಇನ್ನಾ ಡಿಸೈಡ್ ಮಾಡಿಲ್ಲಣ್ಣ, ಮೊದ್ಲ ಲೋನ್ ಆಗ್ಲಿ."

ನಾ ನಗಲಿಲ್ಲ. ನಗೋ ಹಕ್ಕು ನನಗಿಲ್ಲ, ನಾನೂ ಹಂಗೇ ಇದ್ದವ. ಆದ್ರ ಅವ ಹೋದ ಮ್ಯಾಲ ತಲ್ಯಾಗ ಅದೇ ಕೊರಿಲಾಕತ್ತು, ಅದಕ್ಕ ಇವತ್ತು ಬರೀಲಾಕತ್ತೀನಿ, ಉದ್ದ ಆಗ್ತದ, ಪುರುಸೊತ್ತಿದ್ದೋರು ಓದ್ರಿ.

ನಂದು ಬಿಇ ಎಲೆಕ್ಟ್ರಿಕಲ್, 2015ರ ಬ್ಯಾಚ್. ನಮ್ಮ ಕಡೆ ಡಿಗ್ರಿ ಮುಗಿದ ಹುಡುಗರಿಗಿ ಎರಡೇ ದಾರಿ ಕಾಣ್ತಾವ. ಒಂದು, ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ಸೋ ಬಸವ ಎಕ್ಸ್‌ಪ್ರೆಸ್ಸೋ ಹಿಡದು ಬೆಂಗಳೂರು. ಇನ್ನೊಂದು, ಇಲ್ಲೇ ಕಲಬುರಗ್ಯಾಗ ಮೂರು ಮಂದಿ ಸೇರಿ ಒಂದು ರೂಮು, ಸರ್ಕಾರಿ ನೌಕರಿ ಪರೀಕ್ಷೆಗಿ ಕೋಚಿಂಗ್, ಲೈಬ್ರರಿ, ಮನಿಲಿಂದ ವಾರಕ್ಕೊಮ್ಮಿ ಬಸ್ಸಿನ್ಯಾಗ ಬರೋ ಖಡಕ್ ರೊಟ್ಟಿ ಶೇಂಗಾ ಹಿಂಡಿ ಡಬ್ಬಿ. ನಾ ಎರಡನೇದು ಹಿಡದೆ. ಆಗಷ್ಟೇ ಸಂವಿಧಾನದ 371ಜೆ ಕಲಂ ಬಂದು ಎರಡು ವರ್ಷ ಆಗಿತ್ತು, 2013ರಾಗ ಜಾರಿ ಆಗಿದ್ದು, ಇಲ್ಲಿನ ಸರ್ಕಾರಿ ಎ ಬಿ ಗ್ರೂಪ್ ಹುದ್ದೆದಾಗ ನೂರಕ್ಕ 75, ಸಿ ಗ್ರೂಪ್‌ಗಿ 80, ಡಿ ಗ್ರೂಪ್‌ಗಿ 85 ನಮ್ಮ ಭಾಗದವ್ರಿಗೇ ಅಂತ. ನಾ 371ಜೆ ವಿರೋಧಿ ಅಲ್ಲ ಮತ್ತ, ಯಾರೂ ಕಾಮೆಂಟ್‌ನ್ಯಾಗ ಜಗಳಾ ತೆಗೀಬ್ಯಾಡ್ರಿ, ನಮ್ಮ ಕಾಕಾನ ಮಗಳಿಗಿ ಅದರಿಂದ್ಲೇ ಸೀಟು ಸಿಕ್ಕಾದ, ಅದು ಬರೋ ಮುಂಚೆ ನಮ್ಮ ಮಂದಿಗಿ ಕೇಳೋರೇ ಇರ್ಲಿಲ್ಲ. ಆದ್ರ ನನ್ನಂಥಾ ಸಾಧಾರಣ ಹುಡುಗರಿಗಿ ಅದು ಒಂದು ಆಸೆ ಹಚ್ಚಿತು ನೋಡ್ರಿ, ಈ ಸಲ ಎರಡು ಮಾರ್ಕ್ಸಿಗಿ ಹೋಯ್ತು ಮುಂದಿನ ಸಲ ಪಕ್ಕಾ ಅಂತ, ಆ ಮುಂದಿನ ಸಲಕ್ಕ ಏಳು ವರ್ಷ ಹೋದುವು. ಎಫ್‌ಡಿಎ ಬರದೆ, ಕೆಇಬಿ ಜೆಇ ಬರದೆ (ಈಗ ಜೆಸ್ಕಾಂ ಅಂತಾರ, ನಮ್ಮಪ್ಪ ಇನ್ನಾ ಕೆಇಬಿನೇ ಅಂತಾನ), 2021ರಾಗ 545 ಪಿಎಸ್‌ಐ ಪೋಸ್ಟಿಂದೂ ಬರದೆ. ಅದು ಅಕ್ರಮ ಆಗ್ಯಾದ ಅಂತ 2022ರ ಏಪ್ರಿಲ್‌ನ್ಯಾಗ ರದ್ದಾಯ್ತು. ಆವಾಗ ದಿನಾ ಪೇಪರ್‌ನ್ಯಾಗ ನಮ್ಮೂರ ಹೆಸರೇ. ರೂಮಿನ್ಯಾಗ ನಾವು ಮೂರೂ ಮಂದಿ ಒಂದಿನ ಮಾತೇ ಆಡ್ಲಿಲ್ಲ. ಮರುಪರೀಕ್ಷೆ ಆಗಿದ್ದು 2024ರ ಜನವರಿಗಿ, ಹಾಲ್ ಟಿಕೆಟ್ ತೆಗೆದಿಟ್ಟಿದ್ದೆ, ಹೋಗ್ಲಿಲ್ಲ. ಯಾಕ ಹೋಗ್ಲಿಲ್ಲ ಅಂದ್ರ ಅಷ್ಟೊತ್ತಿಗಿ ನನ್ನ ಕೈ ಬ್ಯಾರೆ ಕಡೆ ಹತ್ತಿತ್ತು.

ಆಗಿದ್ದಿಷ್ಟು. 2022ರ ಬ್ಯಾಸಿಗ್ಯಾಗ ನಮ್ಮ ಹೊಲದಾಗಿನ ಬೋರಿನ ಮೋಟರ್ ಸುಟ್ಟಿತ್ತು, ಅಪ್ಪ ಫೋನ್ ಮಾಡಿ ರಿಪೇರಿಗಿ ಹಾಕು ಅಂದ, ಹಾಕ್ಲಾಕ ಹೋದೆ. ಸೂಪರ್ ಮಾರ್ಕೆಟ್ ಹಿಂದ ಒಂದು ಸಣ್ಣ ರಿವೈಂಡಿಂಗ್ ಅಂಗಡಿ, ಒಬ್ಬ ಚಾಚಾ, ಎಲ್ಲಾರೂ ಉಸ್ತಾದ್ ಅಂತಾರ. ಮೋಟರ್ ಬಿಚ್ಚಿದ, ಒಮ್ಮಿ ಬಗ್ಗಿ ನೋಡ್ದ, ಮೂಗಿನ ಹತ್ರ ಹಿಡ್ಕೊಂಡ, "ನಿಮ್ಮ ಟಿಸಿದಾಗ (ಟ್ರಾನ್ಸ್‌ಫಾರ್ಮರ್) ಒಂದು ಫ್ಯೂಜ್ ಹೋಗಿತ್ತು, ನೀವು ನೋಡ್ಲಾರ್ದಂಗ ಸ್ಟಾರ್ಟರ್ ಒತ್ತೀರಿ" ಅಂದ. ನನಗ ಗಾಬರಿ, ಅಪ್ಪಂಗ ಫೋನ್ ಹಚ್ಚಿ ಕೇಳಿದ್ರ ಖರೇನೇ. ಹ್ಯಾಂಗ ಗೊತ್ತಾಯ್ತು ಉಸ್ತಾದ್ ಅಂದ್ರ ತೋರ್ಸಿದ, ಮೂರು ಫೇಸಿನ ಸುತ್ತಿನ್ಯಾಗ ಎರಡು ಸುಟ್ಟು ಕರಗ್ಯಾವ, ಮೂರನೇದು ಹೊಸಾದಿದ್ದಂಗ ಹಂಗೇ ಅದ. ಒಂದು ಫೇಸ್ ಹೋದ್ರ ಉಳಿದೆರಡರ ಮ್ಯಾಲೇ ಪೂರಾ ಭಾರ ಬೀಳ್ತದ, ಅವೆರಡೇ ಸುಡ್ತಾವ. ಮೂರೂ ಒಂದೇ ಸಮ ಸುಟ್ಟಿದ್ರ ವೋಲ್ಟೇಜ್ ಕಮ್ಮಿ ಇಲ್ಲಾ ಲೋಡ್ ಜಾಸ್ತಿ. ಸಿಂಗಲ್ ಫೇಸಿಂಗ್ ಅಂತ ನಾ ಎಕ್ಸಾಮಿನ್ಯಾಗ ಎಂಟು ಮಾರ್ಕ್ಸಿಂದು ಬರದೀನ್ರಿ, ಡಯಾಗ್ರಾಮ್ ಸಮೇತ. ಕಣ್ಣಿಲೆ ನೋಡಿದ್ದು ಅವತ್ತೇ. ನಾಕು ವರ್ಷದ ಕಾಲೇಜಿನ್ಯಾಗ ಒಂದು ಸುಟ್ಟ ಮೋಟರ್ ಬಿಚ್ಚಿ ತೋರ್ಸಿಲ್ಲ.

ಮರುದಿನ ಹೋಗಿ ಕಲಿಸ್ತೀರೇನು ಅಂತ ಕೇಳ್ದೆ. ಬಿಇ ಅಂತ ಹೇಳ್ಲಿಲ್ಲ, ನಾಚಿಕಿ.

ಸಬ್‌ಮರ್ಸಿಬಲ್ ಮೋಟರ್, ಅಂದ್ರ ಬೋರಿನ ನೀರಾಗ ಮುಳುಗಿರೋ ಮೋಟರ್, ಸುತ್ತೋದು ಫ್ಯಾನ್ ಸುತ್ತಿದಂಗ ಅಲ್ಲ. ಫ್ಯಾನಿಂದು ಕಾಯಿಲ್ ಹೊರಗ ಸುತ್ತಿ ಒಳಗ ಕೂಡಿಸಬಹುದು. ಇದರಾಗ ಪ್ಲಾಸ್ಟಿಕ್ ಕೋಟಿಂಗ್ ಇರೋ ತಂತಿ, ತಂತಿ ಕೂಡೋ ಸ್ಲಾಟಿನ (ಸಂದಿನ) ಬಾಯಿ ಸಣ್ಣದು, ಸೂಜಿಗಿ ದಾರ ಪೋಣಿಸಿದಂಗ ಒಂದೊಂದೇ ಸುತ್ತು ಈ ಕಡಿಲಿಂದ ತೂರಿಸಬೇಕು, ಆ ಕಡೆ ಇನ್ನೊಬ್ಬ ಕೂತು ಎಳೀಬೇಕು, ತಿರುಗಿ ಇನ್ನೊಂದು ಸ್ಲಾಟಿನ್ಯಾಗ ವಾಪಸ್ ಕಳಸಬೇಕು. 24 ಸ್ಲಾಟು. ಬಾಯಾಗ ಎಣಿಸ್ಕೋತ ಕೂಡೋದು, ನಡುವ ಫೋನ್ ಬಂದ್ರ ಎಣಿಕಿ ತಪ್ತು ಅಂತ ತಿಳ್ಕೊರಿ. ನಾ ಮೊದಲ್ನೇ ಆರು ತಿಂಗಳು ಆ ಕಡೆ ಕೂತು ಎಳೆದಿದ್ದೇ ಎಳೆದಿದ್ದು. ಬೆರಳು ಒಡೀತಾವ, ಆಮ್ಯಾಲ ಗಟ್ಟಿ ಆಗ್ತಾವ.

ಏಳನೇ ತಿಂಗಳಿಗಿ ಒಂದು ಮೋಟರ್ ಪೂರಾ ನನ್ನ ಕೈಲಿಂದ ಮಾಡ್ಸಿದ. ಖುಷಿದಾಗ ಮಾಡ್ದೆ. ಎಲ್ಲೋ ಒಂದು ಕಡೆ ಎಳೆಯುವಾಗ ಸ್ಲಾಟಿನ ಅಂಚಿಗಿ ತಂತಿ ತರಚ್ಯಾದ, ನನಗ ಕಂಡಿಲ್ಲ. ನೀರಾಗ ರಾತ್ರಿ ಪೂರಾ ಮುಳುಗಿಸಿಟ್ಟು ಮುಂಜಾನೆ ಮೆಗ್ಗರ್ (ತಂತಿ ಕೋಟಿಂಗ್ ಸೋರ್ತದೇನು ನೋಡೋ ಮೀಟರ್) ಹಚ್ಚಿ ನೋಡಬೇಕು ಅದು ಪದ್ಧತಿ, ರೈತ ಗಾಡಿ ತಂದು ಅರ್ಜೆಂಟ್ ಅಂತ ಕೂತಿದ್ದ, ನಾ ಎರಡು ತಾಸಿಗೇ ತೆಗೆದು ಕೊಟ್ಟೆ. ನಾಕನೂರು ಫೂಟ್ ಇಳಿಸ್ಯಾರ, ಮೂರನೇ ದಿನ ಸುಟ್ಟು ವಾಪಸ್ ಬಂತು. ಬೋರಿನ್ಯಾಗಿಂದ ಎತ್ತೋದು ಇಳಿಸೋದು ಅಂದ್ರ ಪೈಪಿನ ಲೆಕ್ಕದಾಗ ಕೂಲಿ, ಅದೆಲ್ಲಾ ರೈತ ಯಾಕ ಕೊಡ್ತಾನ, ಉಸ್ತಾದೇ ಕೊಟ್ಟ, ತಂತಿ ಮತ್ತ ಹೊಸಾದು, ಅದೂ ಅವಂದೇ. ನನಗ ಒಂದು ಮಾತು ಬೈಲಿಲ್ಲ. ಸುಟ್ಟ ಸ್ಟೇಟರ್ (ತಂತಿ ಸುತ್ತಿದ ಭಾಗ) ನನ್ನ ಮುಂದ ಇಟ್ಟು "ಎಲ್ಲಿ ತರಚ್ಯಾದ ಹುಡುಕು" ಅಂದ, ಅಷ್ಟೇ. ಸಂಜಿ ತನಕ ಹುಡುಕಿದೆ.

ನಾ ಹೇಳ್ಬೇಕಂದಿದ್ದು ಇದೇ. ಆ ಮೋಟರ್ ನಾ ಸ್ವಂತ ಅಂಗಡಿ ಹಚ್ಚಿ ಏಳನೇ ದಿನ ಸುಟ್ಟಿದ್ರ? ಅವತ್ತೇ ಶಟರ್ ಇಳೀತಿತ್ತು. ರೊಕ್ಕ ಹೋಗೋದು ಬ್ಯಾರೆ ಮಾತು, ಆಳಂದ ಕಡೆ ಹಳ್ಳ್ಯಾಗ ಒಬ್ಬ ರೈತ ಚಹಾದ ಅಂಗಡ್ಯಾಗ ಕೂತು "ಆ ಹುಡುಗನ ಕಡೆ ಹೋಗಬ್ಯಾಡ್ರಿ" ಅಂದ ಅಂದ್ರ ಮುಗೀತು. ಕಲಿಯೋ ಟೈಮಿನ್ಯಾಗ ಎಲ್ಲಾರೂ ಹಾಳು ಮಾಡೇ ಮಾಡ್ತಾರ. ಪ್ರಶ್ನೆ ಏನಪಾ ಅಂದ್ರ ಯಾರ ಅಂಗಡ್ಯಾಗ ಹಾಳು ಮಾಡ್ತೀರಿ ಅನ್ನೋದು. ಸಾಲ ತಂದು ಹಾಳು ಮಾಡಿದ್ರ ಕಂತು ನಿಲ್ಲಂಗಿಲ್ಲ.

ಎರಡು ವರ್ಷ ಅಲ್ಲಿ ಕೂತೆ. ಪಗಾರ ಮೊದ್ಲ ದಿನಕ್ಕ ಇನ್ನೂರು, ಆಮ್ಯಾಲ ನಾಕನೂರು. ಮನ್ಯಾಗ ಏನೇನು ಕೇಳ್ದೆ ಅಂತ ಬರದ್ರ ಇನ್ನೊಂದು ಪೋಸ್ಟ್ ಆಗ್ತದ. ಅಪ್ಪ "ಎಂಜಿನಿಯರ್ ಓದ್ಸಿ ಮೇಸ್ತ್ರಿ ಮಾಡ್ದಂಗಾಯ್ತು" ಅಂದ. ಹೆಣ್ಣು ನೋಡ್ಲಾಕ ಹೋದಲ್ಲಿ ಹುಡುಗ ಏನ್ ಮಾಡ್ತಾನ ಅಂದ್ರ ನಮ್ಮ ಮಾವ "ಎಲೆಕ್ಟ್ರಿಕಲ್ ಲೈನ್‌ನ್ಯಾಗ ಅದಾನ" ಅಂತ ಹೇಳಾಂವ, ಅವ್ರು ಕೆಇಬಿ ಅಂತ ತಿಳ್ಕೊಳ್ಳಾಂವ್ರು, ಚಹಾ ಜೋಡಿ ಚೂಡಾ ಜಾಸ್ತಿ ಬರ್ತಿತ್ತು. ಖರೇ ಗೊತ್ತಾದ ಮ್ಯಾಲ ಫೋನ್ ಎತ್ತಾಂಗಿಲ್ಲ.

ಈಗ ಲೋನ್ ಸುದ್ದಿ, ಎಲ್ಲಾರೂ ಇದಕ್ಕೇ ಕಾಯ್ಲಾಕತ್ತೀರಿ ನನಗ ಗೊತ್ತದ. ನಾ ಮಾಡ್ಸಿದ್ದು ಪಿಎಂಇಜಿಪಿ, ಸ್ವಂತ ಧಂದಾ ಹಚ್ಚೋರಿಗಿ ಕೇಂದ್ರ ಸರ್ಕಾರದ ಸಬ್ಸಿಡಿ ಸಾಲದ ಸ್ಕೀಮು. ಇದರಾಗ ಮೊದಲ್ನೇ ಸಾಲ ಹೊಸ ಘಟಕಕ್ಕ ಮಾತ್ರ, ಆಗಲೇ ನಡೀಲಾಕತ್ತ ಅಂಗಡಿಗಿ ಆ ಸಾಲ ಸಿಗಂಗಿಲ್ಲ. ನಾ ಅರ್ಜಿ ಹಾಕಿದಾಗಿನ ಲೆಕ್ಕ ಹೇಳ್ತೀನಿ: ಸರ್ವಿಸ್ ಲೈನಿಗಿ 20 ಲಕ್ಷ, ಮ್ಯಾನುಫ್ಯಾಕ್ಚರಿಂಗಿಗಿ 50 ಲಕ್ಷದ ತನ ಪ್ರಾಜೆಕ್ಟ್ ಹಾಕಬಹುದಿತ್ತು. ಎಸ್‌ಸಿ ಎಸ್‌ಟಿ ಒಬಿಸಿ ಮೈನಾರಿಟಿ ಮತ್ತ ಹೆಣ್ಮಕ್ಕಳು ಇದ್ರ ನಿಮ್ಮ ಕೈಲಿಂದ ನೂರಕ್ಕ 5 ಹಾಕಬೇಕು, ಸಬ್ಸಿಡಿ ಸಿಟ್ಯಾಗ 25, ಹಳ್ಳ್ಯಾಗ 35. ಜನರಲ್ ಇದ್ರ 10 ಹಾಕಬೇಕು, ಸಬ್ಸಿಡಿ 15 ಮತ್ತ 25. ನಂದು ಆರು ಲಕ್ಷದ ಪ್ರಾಜೆಕ್ಟು, ಒಬಿಸಿ, ಮೂವತ್ತು ಸಾವಿರ ನಂದು, ಉಳಿದಿದ್ದು ಬ್ಯಾಂಕಿಂದು, ಅದರಾಗ ದೀಡ್ (ಒಂದೂವರಿ) ಲಕ್ಷ ಸಬ್ಸಿಡಿ. ಇಲ್ಲೇ ಮಂದಿ ಮೋಸ ಹೋಗೋದು, ದೀಡ್ ಲಕ್ಷ ಕೈಗಿ ಬರ್ತದ ಅಂತ ತಿಳ್ಕೊಂಡಾರ. ಬರಂಗಿಲ್ರಿ. ಅದು ನಿಮ್ಮ ಹೆಸರಿಲೆ ಬ್ಯಾಂಕಿನ್ಯಾಗೇ ಮೂರು ವರ್ಷ ಡಿಪಾಜಿಟ್ ಕೂಡ್ತದ, ಅಷ್ಟು ರಕಮಿಗಿ ಬಡ್ಡಿ ಹತ್ತಂಗಿಲ್ಲ ಅದೊಂದು ಲಾಭ, ಮೂರು ವರ್ಷ ಆದ ಮ್ಯಾಲ ಬಂದು ಅಂಗಡಿ ಖರೇ ನಡೀಲಾಕತ್ತದೇನು ನೋಡಿ ಸಾಲಕ್ಕ ಜಮಾ ಮಾಡ್ತಾರ. ನಂದು ಇನ್ನಾ ಅಲ್ಲೇ ಕೂತದ. ಅರ್ಜಿ ಆನ್‌ಲೈನ್, ಫೀಸ್ ಇಲ್ಲ. ಉದ್ಯಮ್ ರಿಜಿಸ್ಟ್ರೇಷನ್ನೂ (ಸಣ್ಣ ಧಂದಾದ ಸರ್ಕಾರಿ ನೋಂದಣಿ) ಫ್ರೀ, ಆಧಾರ್ ಪ್ಯಾನ್ ಇದ್ರ ಮುಗೀತು, ಅದಕ್ಕ ರೊಕ್ಕ ಕೇಳೋ ವೆಬ್‌ಸೈಟ್ ಬಂದ್ರ ಬಂದ್ ಮಾಡಿ ಹೊರಗ ಬರ್ರಿ. ನನ್ನ ಕಡೆ ಒಬ್ಬ ಏಜೆಂಟ್ ಪ್ರಾಜೆಕ್ಟ್ ರಿಪೋರ್ಟಿಗಿ ಎಂಟು ಸಾವಿರ ಕೇಳಿದ್ದ, ಅವನ ರಿಪೋರ್ಟ್ ನೋಡಿದ್ರ ಹೆಸರು ಬದಲ್ಸಿ ಬ್ಯೂಟಿ ಪಾರ್ಲರಿಗೂ ಅದನ್ನೇ ಕೊಟ್ಟಾನ.

ಬ್ಯಾಂಕಿನ್ಯಾಗ ನಾಕು ತಿಂಗಳು ತಿರುಗ್ಸಿದ್ರು. ಒಂದಿನ ಸಾಹೇಬ್ರು ಕೇಳಿದ್ರು, ತಿಂಗಳಿಗಿ ಎಷ್ಟು ಮೋಟರ್ ಬರ್ತಾವ, ಒಂದಕ್ಕ ತಂತಿ ಎಷ್ಟು ಹತ್ತತದ, ಮಳಿಗಾಲದಾಗ ಏನ್ ಮಾಡ್ತಿ. ನಾ ಪೇಪರ್ ನೋಡ್ಲಾರ್ದೇ ಹೇಳ್ದೆ. ಐದು ಎಚ್‌ಪಿಗಿ ಇಷ್ಟು, ಏಳೂವರಿಗಿ ಇಷ್ಟು, ಫೆಬ್ರವರಿಲಿಂದ ಮೇ ತನ ಕೈ ಖಾಲಿ ಇರಂಗಿಲ್ಲ, ಮಳಿ ಹತ್ತಿದ ಮ್ಯಾಲ ದಾಲ್ ಮಿಲ್ಲಿನ ಮೋಟರ್ ಹಿಡೀತೀನಿ, ಕಪನೂರ್ ಕಡೆ ಮಿಲ್ ಅವಲ್ಲ, ಕೂಲರ್ ಪಂಪೂ ಮಾಡ್ತೀನಿ. ಅವ್ರು ಪೆನ್ ಕೆಳಗಿಟ್ಟು ನೋಡಿದ್ರು. ಫೈಲಿನ್ಯಾಗ ಇಲ್ಲದ್ದು ಅದೇ ಇತ್ತು ನೋಡ್ರಿ.

ಇನ್ನಾ ಒಂದು, ಉದ್ರಿ. ನಮ್ಮ ಕಡೆ ರೈತಗ ರೊಕ್ಕ ಬರೋದು ತೊಗರಿ ರಾಶಿ ಆದ ಮ್ಯಾಲ, ಡಿಸೆಂಬರ್ ಜನವರಿಗಿ. ಮೋಟರ್ ಸುಡೋದು ಏಪ್ರಿಲಿಗಿ. "ರಾಶಿ ಆಗ್ಲಿ ಕೊಡ್ತೀನಿ" ಅಂತಾರ, ಸುಳ್ಳಲ್ಲ, ಕೊಡ್ತಾರ, ಆದ್ರ ತೊಗರಿಗಿ ನೆಟೆ ರೋಗ ಬಿತ್ತಂದ್ರ ರಾಶಿನೇ ಇಲ್ಲ. ತಾಮ್ರದ ಅಂಗಡಿಯಾಂವ ಮಾತ್ರ ನನಗ ರಾಶಿ ತನ ನಿಲ್ಲಂಗಿಲ್ಲ. ನಾ ಹೊಸದಾಗಿ ಹಚ್ಚಿದಾಗ ಎಲ್ಲಾರಿಗೂ ಹೂಂ ಅಂದು ಆರು ತಿಂಗಳಿಗಿ ಕುತ್ತಿಗಿ ತನ ಬಂದಿತ್ತು. ಉಸ್ತಾದ್ ಹೇಳಿಕೊಟ್ಟ, ತಂತಿ ರೊಕ್ಕ ಮೊದ್ಲ ತಕ್ಕೋ, ಕೂಲಿ ಉದ್ರಿ ಬಿಡು, ಕೂಲಿ ನಿಂದು, ತಂತಿ ನಿಂದಲ್ಲ. ಈಗ ಹಂಗೇ ನಡೀತದ. ಇದನ್ನ ಯಾವ ಟ್ರೇನಿಂಗ್‌ನ್ಯಾಗ ಹೇಳ್ತಾರ್ರಿ?

ನಾ ಉಸ್ತಾದನ ಅಂಗಡಿ ಬಿಟ್ಟು ಹೊಂಡೋ ದಿನ ಅವ ತನ್ನ ಡೈರಿ ತೆಗದ. ಮೂವತ್ತು ವರ್ಷದ್ದು, ಯಾವ ಮೋಟರಿಗಿ ಎಷ್ಟು ಸುತ್ತು, ಯಾವ ಗೇಜು (ತಂತಿ ದಪ್ಪ), ಎಲ್ಲಾ ಉರ್ದುದಾಗ. ನನಗ ಓದ್ಲಾಕ ಬರಂಗಿಲ್ಲ. ಮೂರು ರಾತ್ರಿ ಕೂತು ಅವ ಓದಿ ಹೇಳ್ದ, ನಾ ಕನ್ನಡದಾಗ ಬರ್ಕೊಂಡೆ.

ಹಾಂ, ಕೆಲವ್ರು ಕೇಳ್ತೀರಿ, ಎಲ್ಲಾ ಮಾಲಕ್ರು ನಿಮ್ಮ ಉಸ್ತಾದನಂಗ ಇರ್ತಾರೇನು ಅಂತ. ಇರಂಗಿಲ್ಲ. ಕಲಿಸ್ತೀನಿ ಅಂತ ಹೇಳಿ ವರ್ಷಾನುಗಟ್ಟಲೆ ಚಹಾ ತರ್ಸೋರು ಅದಾರ, ಹೆಸರು ಕೇಳಿ ಅಡ್ಡಹೆಸರು ಕೇಳಿ ಆಮ್ಯಾಲ ಜಾಗ ಇಲ್ಲ ಅನ್ನೋರೂ ಅದಾರ. ಹುಡುಗಿಯರಿಗಿ ಇನ್ನಾ ಕಷ್ಟ. ಅಂಥಲ್ಲಿ ಒಂದು ತಿಂಗಳು ನೋಡ್ರಿ, ಕೈಗಿ ಕೆಲಸ ಕೊಡಂಗಿಲ್ಲಂದ್ರ ಬಿಟ್ಟು ಬ್ಯಾರೆ ಅಂಗಡಿ ನೋಡ್ರಿ. ಪಗಾರ ಇಲ್ಲದ ಕಲಿಕಿ ಅನ್ನೋದೂ ನನಗ ಸರಿ ಕಾಣಂಗಿಲ್ಲ, ಕಲಿಯೋನಿಗೂ ಹೊಟ್ಟಿ ಇರ್ತದ.

ಆ ಹುಡುಗನಿಗಿ ಅವತ್ತು ನಾ ಇಷ್ಟೆಲ್ಲಾ ಹೇಳ್ಲಿಲ್ಲ. ನಾಳೆ ಒಂಬತ್ತಕ್ಕ ಬಾ, ಆ ಕಡೆ ಕೂತು ತಂತಿ ಎಳಿ, ಒಂದು ವಾರ ನೋಡು, ಲೋನ್ ಎಲ್ಲೂ ಓಡಿ ಹೋಗಂಗಿಲ್ಲ ಅಂದೆ. ಮುಖ ಸಣ್ಣದ ಮಾಡ್ಕೊಂಡು ಹೋದ. ಮಂಗಳವಾರ ಬಂದ, ಸಂಜಿಗಿ ಎರಡು ಬೆರಳು ಒಡೆದಿದ್ವು. ಬುಧವಾರ ಬರ್ಲಿಲ್ಲ, ಹೋಯ್ತು ಬಿಡು ಅಂದ್ಕೊಂಡೆ. ಇವತ್ತು ಗುರುವಾರ, ಬೆರಳಿಗಿ ಪಟ್ಟಿ ಸುತ್ಕೊಂಡು ಎಂಟೂ ಮುಕ್ಕಾಲಿಗೇ ಶಟರ್ ಮುಂದ ನಿಂತಿದ್ದ, ಫೈಲ್ ತಂದಿರ್ಲಿಲ್ಲ. ಪಗಾರ ಎಷ್ಟು ಅಂತ ಇನ್ನಾ ಕೇಳಿಲ್ಲ, ಶನಿವಾರ ನಾನೇ ಕೊಡ್ಬೇಕು.