ಮನೆ ಇದೆ, ಅಡುಗೆಮನೆ ಇಲ್ಲ

ಬೇರೆ ದೇಶಕ್ಕೆ ಹೊರಟವರನ್ನು ಎಲ್ಲರೂ ವೀಸಾ ಹೆಸರು ಹೇಳಿ ಹೆದರಿಸುತ್ತಾರೆ. ಮನೆಯ ವಿಷಯ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಮ್ಮನೆಯವರಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿತು. ಎಲ್ಲಿ ಇರಬೇಕು ಅನ್ನುವುದನ್ನು ನಾವೇ ಆರಿಸುತ್ತೇವೆ ಅನ್ನುವ ಧೈರ್ಯದಲ್ಲಿ ಒಂದು ಪಟ್ಟಿ ತಯಾರಾಯಿತು. ಬಾಲ್ಕನಿ ಬೇಕು. ಬೆಳಗಿನ ಬಿಸಿಲು ಬೇಕು. ಆಫೀಸು ಹತ್ತಿರ ಇರಬೇಕು. ರೈಲೂ ಹತ್ತಿರ ಇರಬೇಕು, ಆದರೆ ಅದರ ಸದ್ದು ಕೇಳಬಾರದು. ಇಷ್ಟನ್ನೂ ಎಕ್ಸೆಲ್‌ನಲ್ಲಿ ಹಾಕಿ, ಒಂದೊಂದಕ್ಕೂ ಅಂಕ ಕೊಟ್ಟು, ಕೊನೆಯಲ್ಲಿ ಮೊತ್ತ ಬರುವ ಹಾಗೆ ಮಾಡಿದ್ದರು. ಇಂಜಿನಿಯರ್ ಅಲ್ವಾ.

ಮೊದಲು ನೋಡಿದ ಮನೆಗೆ ಅಂಕ ಜಾಸ್ತಿ ಬಿದ್ದಿತ್ತು. ಮರಿಯೆನ್‌ಪ್ಲಾಟ್ಸ್ ನಿಲ್ದಾಣದಿಂದ ಕೂಗಳತೆ ದೂರ. ಹೋಗಿ ನೋಡಿದರೆ ಕೂಗಳತೆ ಅನ್ನುವುದು ನಿಜವೇ, ಕೂಗಬೇಕಾದದ್ದು ಮಾತ್ರ ಕೆಳಗಿನಿಂದ ಮೇಲಕ್ಕೆ. ಸ್ಟುಟ್‌ಗಾರ್ಟ್ ಬಟ್ಟಲಿನಂಥ ಊರು. ತಳದಲ್ಲಿ ಪೇಟೆ, ಸುತ್ತ ಗುಡ್ಡ. ಹಿಂದೆ ಆ ಇಳಿಜಾರಿನ ತುಂಬಾ ದ್ರಾಕ್ಷಿ ತೋಟಗಳಿದ್ದವು. ತೋಟಕ್ಕೆ ಹತ್ತಲು ಕಟ್ಟಿದ ಮೆಟ್ಟಿಲುಗಳ ಮೇಲೆ ಈಗ ಜನ ತರಕಾರಿ ಚೀಲ ಹೊತ್ತು ಓಡಾಡುತ್ತಾರೆ. ಅವಕ್ಕೆ ಷ್ಟೆಫೆಲೆ ಅಂತ ಹೆಸರು. ಇಂಥ ಮೆಟ್ಟಿಲ ದಾರಿಗಳು ಊರಿನಲ್ಲಿ 400ಕ್ಕೂ ಜಾಸ್ತಿ ಇವೆ. ಮೊಬೈಲಿನ ಮ್ಯಾಪಿನಲ್ಲಿ ನೋಡಿದರೆ ಒಂದು ಬಡಪಾಯಿ ಗೆರೆ, ಅಷ್ಟೇ. ಅದೇ ನಿಲ್ದಾಣದಿಂದ ಹಲ್ಲಿನ ಹಳಿ ಹಿಡಿದು ಗುಡ್ಡ ಹತ್ತುವ ಒಂದು ಪುಟ್ಟ ರೈಲಿದೆ, 1884ರಿಂದಲೂ ಓಡುತ್ತಿದೆ. ಎರಡು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ಸುಮಾರು 200 ಮೀಟರ್ ಮೇಲೇರುತ್ತದೆ. ರೈಲಿಗೇ ಹಲ್ಲು ಕಚ್ಚಿ ಹತ್ತಬೇಕಾದ ಜಾಗ ಇದು, ನಮ್ಮ ಗತಿ ಏನು?

ಮೇಲೆ ತಲುಪಿದರೆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮನೆ ನಾಲ್ಕನೇ ಮಹಡಿ. ಅಲ್ಲಿ ನೆಲಮಹಡಿ ಲೆಕ್ಕಕ್ಕೇ ಇಲ್ಲ, ಅದರ ಮೇಲಿನದು ಒಂದನೆಯದು. ಒಳಗೆ ಕಾಲಿಟ್ಟಾಗ ನಮ್ಮನೆಯವರಿಗೆ ಮಾತು ಬರುತ್ತಿರಲಿಲ್ಲ. ಮನೆ ನೋಡಿ ಮೂಕರಾದರು ಅಂತ ಏಜೆಂಟ್ ಖುಷಿಪಟ್ಟ.

ಆಮೇಲೆ ಜಾಹೀರಾತು ಓದುವುದನ್ನು ಕಲಿತೆವು. ಮೂರು ರೂಮಿನ ಮನೆ ಅಂದರೆ ಹಾಲ್ ಸೇರಿ ಮೂರು. ಅಡುಗೆಮನೆ, ಬಚ್ಚಲು ಎಣಿಕೆಗಿಲ್ಲ. ಬಾಡಿಗೆ ಎರಡು ಥರ. ‘ಕಾಲ್ಟ್’ ಅಂತ ಬರೆದಿದ್ದರೆ ಬರೀ ಗೋಡೆಗಳ ಬಾಡಿಗೆ. ‘ವಾರ್ಮ್’ ಅಂತಿದ್ದರೆ ಹೀಟರು, ನೀರು, ಕಸದ ಖರ್ಚು ಸೇರಿದ್ದು. ಕರೆಂಟ್ ಬಿಲ್ಲು ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಇದರ ಮಧ್ಯೆ ಬಾಡಿಗೆ ತೀರಾ ಕಡಿಮೆ ಇರುವ ಮನೆ ಕಣ್ಣಿಗೆ ಬಿದ್ದರೆ ಕುಣಿಯಬಾರದು. ಒಂದೋ ಅದು ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಪತ್ರ ಇದ್ದವರಿಗೆ ಮೀಸಲು. ಇಲ್ಲವೇ ‘ಅದಲು ಬದಲು ಮಾತ್ರ’. ನಿಮ್ಮದೊಂದು ಬಾಡಿಗೆ ಮನೆ ಅವರಿಗೆ ಬಿಟ್ಟುಕೊಟ್ಟು ಅವರ ಮನೆಗೆ ನೀವು ಹೋಗುವುದು. ಮನೆ ಸಿಗಬೇಕಾದರೆ ಮೊದಲು ಮನೆ ಇರಬೇಕು.

ಇನ್ನೊಂದು ಮನೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ತೋರಿಸಲು ಬಂದ ಹುಡುಗಿ ಒಂದು ಬಾಗಿಲು ತೆರೆದು "ಕಿಚನ್" ಅಂದಳು. ಇಣುಕಿದೆ. ಖಾಲಿ ಗೋಡೆ. ಗೋಡೆಯಿಂದ ಎರಡು ನೀರಿನ ಪೈಪು ಇಷ್ಟಿಷ್ಟು ಹೊರಗೆ ಬಂದು ಬಾಯಿ ಮುಚ್ಚಿಕೊಂಡಿದ್ದವು. ಅವುಗಳ ಕೆಳಗೆ ಬೂದು ಬಣ್ಣದ ದಪ್ಪ ಪೈಪಿನ ತುದಿ. ಮೂಲೆಯಲ್ಲಿ ಒಲೆಗೆ ಅಂತ ಒಂದು ಕರೆಂಟ್ ಡಬ್ಬ. ಸೂರಿನಿಂದ ಎರಡು ವೈರು ನೇತಾಡುತ್ತಿದ್ದವು, ಬಲ್ಬ್ ಹೋಲ್ಡರ್ ಕೂಡ ಇರಲಿಲ್ಲ.

"ಏನ್ರೀ, ಕಳ್ಳರು ನುಗ್ಗಿದ್ರಾ ಹೇಗೆ?" ಅಂತ ಮೆಲ್ಲಗೆ ಕೇಳಿದೆ.

"ಸುಮ್ನಿರು, ರಿಪೇರಿ ನಡೀತಿರಬೇಕು," ಅಂದರು.

ರಿಪೇರಿಯೂ ಅಲ್ಲ, ಕಳ್ಳರೂ ಅಲ್ಲ. ಹಿಂದಿನ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ಬಿಚ್ಚಿಕೊಂಡು ಹೋಗಿದ್ದರು. ಸಿಂಕು, ಒಲೆ, ಕಪಾಟು, ಕಲ್ಲು, ಎಲ್ಲಾ. ಜರ್ಮನಿಯಲ್ಲಿ ಇದು ಮಾಮೂಲು. ಕಿತ್ತುಕೊಂಡು ಹೋಗುವ ತಾಪತ್ರಯ ಬೇಡ ಅನ್ನುವವರು ಮುಂದೆ ಬರುವವರಿಗೆ ಮಾರಿಬಿಡುತ್ತಾರೆ. ನಮ್ಮ ಪಟ್ಟಿಯಲ್ಲಿ ಬಾಲ್ಕನಿಗೆ ಹತ್ತು ಅಂಕ ಇತ್ತು. ಸಿಂಕಿಗೆ ಯಾರು ಅಂಕ ಇಡುತ್ತಾರೆ ಹೇಳಿ.

ಅಲ್ಲಿಂದ ಪಟ್ಟಿ ಇಳಿಯತೊಡಗಿತು. ಬಾಲ್ಕನಿ ಹೋಯಿತು. ಬಿಸಿಲು ಹೇಗೂ ಚಳಿಗಾಲದಲ್ಲಿ ಯಾರ ಮನೆಗೂ ಬರುವುದಿಲ್ಲ, ಅದೂ ಹೋಯಿತು. ನಾವು ಮನೆ ನೋಡಲು ಹೋಗುತ್ತಿದ್ದೇವೆ ಅನ್ನುವ ಮಾತೂ ಹೋಯಿತು, ಅವರೇ ನಮ್ಮನ್ನು ನೋಡುತ್ತಿದ್ದರು. ಮೆಟ್ಟಿಲ ಮೇಲೆ ಉದ್ದಕ್ಕೆ ಜನ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೈಲು. ಮೂರು ತಿಂಗಳ ಸಂಬಳದ ಚೀಟಿ, ಕೆಲಸದ ಪತ್ರ, ಪಾಸ್‌ಪೋರ್ಟ್ ನಕಲು. ಜೊತೆಗೆ ಷೂಫಾ ಅನ್ನುವ ಕಡೆಯಿಂದ ತರುವ ಸಾಲದ ಜಾತಕ. ನಿನ್ನೆ ಮೊನ್ನೆ ವಿಮಾನ ಇಳಿದವರಿಗೆ ಎಲ್ಲಿಯ ಜಾತಕ? ಸಾಲ ಮಾಡದೆ ಬದುಕಿದವರ ಮರ್ಯಾದೆ ಆ ಮೆಟ್ಟಿಲ ಮೇಲೆ ನಡೆಯುವುದಿಲ್ಲ. ಒಬ್ಬ ಮಾಲೀಕರು ನಮ್ಮನ್ನು ಕೂರಿಸಿ, ಪಿಯಾನೊ ನುಡಿಸುತ್ತೀರಾ ಅಂತ ಕೇಳಿದರು. ಪ್ರತಿಭೆ ಕೇಳುತ್ತಿದ್ದಾರೆ ಅಂದುಕೊಂಡು ನಮ್ಮನೆಯವರು "ನಾನು ತಬಲಾ ಬಾರಿಸ್ತೇನೆ" ಅಂದರು. ಆ ಮನೆ ಅಲ್ಲಿಗೆ ಮುಗಿಯಿತು.

ಕೊನೆಗೆ ಮನೆ ಸಿಕ್ಕಿದ್ದು ಗುಡ್ಡದ ಮೇಲಿನ ಸಪಾಟು ಜಾಗದಲ್ಲಿ, ಮ್ಯೋರಿಂಗೆನ್‌ನಲ್ಲಿ. ಎರಡನೇ ಮಹಡಿ. ಕಿತ್ತಳೆ ಬಣ್ಣದ ಅಡುಗೆಮನೆಯನ್ನು ಹಿಂದಿನವರಿಂದ ಕೊಂಡುಕೊಂಡೆವು. ಒಂದು ಕಪಾಟಿಗೆ ಹಿಡಿಕೆ ಇಲ್ಲ, ಅದನ್ನು ಇವತ್ತಿಗೂ ಚಮಚದಿಂದ ಮೀಟಿ ತೆಗೆಯುತ್ತೇನೆ. ಮೂರು ತಿಂಗಳ ಕಾಲ್ಟ್ ಬಾಡಿಗೆ ಅಡ್ವಾನ್ಸು. ಕಾನೂನಿನ ಪ್ರಕಾರ ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ, ಪುಣ್ಯ. ಸೇರಿದ ಎರಡು ವಾರದೊಳಗೆ ಮಾಲೀಕರ ಸಹಿ ಇರುವ ಕಾಗದ ಹಿಡಿದು ವಿಳಾಸ ನೋಂದಾಯಿಸಬೇಕು. ನೋಂದಾಯಿಸಿ ಬಂದೆವು. ಸ್ವಲ್ಪ ದಿನಕ್ಕೆ ಹೊಸ ಮನೆಗೆ ಮೊದಲ ಪತ್ರ. ಯಾರೋ ಸ್ವಾಗತ ಕೋರಿದ್ದಾರೆ ಅಂತ ಆಸೆಯಿಂದ ಒಡೆದರೆ, ರೇಡಿಯೊ ಮತ್ತು ಟಿವಿಯ ಶುಲ್ಕ! ಮನೆಗೆ ತಿಂಗಳಿಗೆ 18.36 ಯೂರೊ. ನಮ್ಮಲ್ಲಿ ಟಿವಿ ಇಲ್ಲ, ರೇಡಿಯೊನೂ ಇಲ್ಲ. ಅದನ್ನು ಅವರು ಕೇಳಿಯೂ ಇರಲಿಲ್ಲ. ಮನೆ ಇದ್ದರೆ ಸಾಕು, ಕಟ್ಟಬೇಕು.

ಎಲ್ಲಾ ಮುಗಿಯಿತು ಅಂದುಕೊಳ್ಳುವಾಗ ಒಂದು ಬೆಳಿಗ್ಗೆ ನಮ್ಮ ಬಾಗಿಲ ಹಿಡಿಕೆಯಲ್ಲಿ ಒಂದು ಪುಟ್ಟ ಹಲಗೆ ನೇತಾಡುತ್ತಿತ್ತು. ಮೇಲೆ ‘ಕೆರ್‌ವೊಖೆ’ ಅಂತ ಬರೆದಿತ್ತು. ಯಾರೋ ಮನೆ ತಪ್ಪಿ ಹಾಕಿದ್ದಾರೆ ಅಂತ ನಮ್ಮನೆಯವರು ಅದನ್ನು ಎದುರು ಮನೆ ಹಿಡಿಕೆಗೆ ಹಾಕಿ ಆಫೀಸಿಗೆ ಹೋದರು. ಸಂಜೆ ಬಂದು ನೋಡಿದರೆ ಹಲಗೆ ನಮ್ಮಲ್ಲೇ ಇದೆ. ಮತ್ತೆ ಅಲ್ಲಿಗೆ ಹಾಕಿದರು. ಬೆಳಿಗ್ಗೆ ಮತ್ತೆ ನಮ್ಮಲ್ಲಿ. ಹಲಗೆ ಹೀಗೆ ಓಡಾಡುವುದನ್ನು ನೋಡಲಾರದೆ ಕೆಳಗಿನ ಮನೆ ಅಜ್ಜಿ ಮೇಲೆ ಬಂದರು. ಬಾಯಿಂದ ಹೇಳಿದ್ದು ನಮಗೆ ಹತ್ತಲಿಲ್ಲ. ಪೊರಕೆ ತಂದು ಕೈಗೆ ಕೊಟ್ಟರು, ಹತ್ತಿತು. ಆ ಹಲಗೆ ಇರುವ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಮ್ಮದು. ಆ ಸೀಮೆಯಲ್ಲಿ ಅದು ತಲೆತಲಾಂತರದ ಪದ್ಧತಿ.

ನಮ್ಮನೆಯವರು ಪ್ಯಾಂಟು ಮಡಚಿ ಮೆಟ್ಟಿಲು ಒರೆಸಿದರು. ಅಜ್ಜಿ ಕಂಬಿಯ ಮೇಲೆ ಬೆರಳಾಡಿಸಿ ನೋಡಿ, ಮೂಲೆ ಮೂಲೆ ತೋರಿಸಿ ಇನ್ನೊಂದು ಸಲ ಒರೆಸಿಸಿದರು. ಭಾನುವಾರ ರಾತ್ರಿ ವಾರ ಮುಗಿಯುವುದನ್ನೇ ಕಾದಿದ್ದು, ಹಲಗೆಯನ್ನು ಮತ್ತೆ ಎದುರು ಮನೆ ಹಿಡಿಕೆಗೆ ಹಾಕಿ ಬಂದರು. ಈ ಸಲ ಹಕ್ಕಿನಿಂದ.