ಸ್ಪಷ್ಟನೆ: ಮಿಟ್ರಿಯೋನ್–ಫೆಡೋರ್ ಪಂದ್ಯ ನಡೆದದ್ದು ಯುಎಫ್‌ಸಿಯಲ್ಲಲ್ಲ

‘ಯುಎಫ್‌ಸಿಯಲ್ಲಿ ಫೆಡೋರ್ ಎಮೆಲಿಯಾನೆಂಕೊನನ್ನು ಕೆಡವಿದ ಕಾಲೇಜು ಫುಟ್‌ಬಾಲ್ ಆಟಗಾರ’ ಎಂಬ ಸಾಲಿನೊಂದಿಗೆ ಒಂದು ವಿಡಿಯೊ ಗ್ರೂಪುಗಳಲ್ಲಿ ಓಡಾಡುತ್ತಿದೆ. ಆ ಆಟಗಾರ ಮ್ಯಾಟ್ ಮಿಟ್ರಿಯೋನ್; ಫೆಡೋರ್ ರಷ್ಯಾದ ಹೆಸರಾಂತ ಹೋರಾಟಗಾರ. ಸೋಲು ಗೆಲುವು ಸರಿ. ಯುಎಫ್‌ಸಿ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎ ಕಾಳಗಗಳನ್ನು ನಡೆಸುವ ಅಮೆರಿಕದ ಸಂಸ್ಥೆ) ಅನ್ನುವುದು ಮಾತ್ರ ತಪ್ಪು.

ಅದು ಇಂಥದ್ದೇ ಕಾಳಗಗಳನ್ನು ನಡೆಸುತ್ತಿದ್ದ ಬೆಲ್ಲಟಾರ್ ಎಂಬ ಬೇರೆ ಸಂಸ್ಥೆಯ ಪಂದ್ಯ. 2017ರ ಜೂನ್ 24ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆಯಿತು. ಫೆಡೋರ್ ಯುಎಫ್‌ಸಿಯಲ್ಲಿ ಒಂದೂ ಪಂದ್ಯ ಆಡಿಲ್ಲ. ಮ್ಯಾಟ್ ಮಿಟ್ರಿಯೋನ್ ಕೂಡ ಅಷ್ಟರಲ್ಲಿ ಯುಎಫ್‌ಸಿ ಬಿಟ್ಟಾಗಿತ್ತು. ಅಲ್ಲಿ ಅವರ ಕೊನೆಯ ಪಂದ್ಯ 2016ರ ಜನವರಿಯಲ್ಲಿ, ಟ್ರಾವಿಸ್ ಬ್ರೌನ್ ವಿರುದ್ಧ.

ವಿಡಿಯೊವನ್ನೇ ಗಮನವಿಟ್ಟು ನೋಡಿ. ಇಬ್ಬರೂ ಒಂದೇ ಕ್ಷಣದಲ್ಲಿ ಗುದ್ದುತ್ತಾರೆ, ಇಬ್ಬರೂ ಒಟ್ಟಿಗೇ ನೆಲಕ್ಕೆ ಬೀಳುತ್ತಾರೆ. ಮೊದಲು ಎದ್ದವರು ಮಿಟ್ರಿಯೋನ್. ಮೇಲೇರಿ ಗುದ್ದಿ, ಮೊದಲ ಸುತ್ತಿನ 1 ನಿಮಿಷ 14 ಸೆಕೆಂಡಿಗೆ ಪಂದ್ಯ ಮುಗಿಸಿದರು. ಹೆವಿವೇಟ್‌ನಲ್ಲಿ ಇಂಥದ್ದು ಕಾಣಸಿಗುವುದೇ ಅಪರೂಪ, ಅಲ್ವಾ?

ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿ, ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲೂ ಇದ್ದವರು ಮಿಟ್ರಿಯೋನ್. ಯುಎಫ್‌ಸಿಯಲ್ಲಿ ಅವರು ಗೆದ್ದ ಪಂದ್ಯಗಳೂ ಇವೆ: 2009ರ ಡಿಸೆಂಬರಿನಲ್ಲಿ ಮಾರ್ಕಸ್ ಜೋನ್ಸ್ (ಅವರೂ ಮಾಜಿ ಫುಟ್‌ಬಾಲ್ ಆಟಗಾರರೇ), 2010ರ ಮೇನಲ್ಲಿ ಕಿಂಬೊ ಸ್ಲೈಸ್ ವಿರುದ್ಧ. ಅವರ ಸಾಧನೆಗೆ ಸುಮ್ನೆ ಬೇರೆ ಹಣೆಪಟ್ಟಿ ಹಚ್ಚುವ ಅಗತ್ಯವೇ ಇಲ್ಲ.

ಎರಡೂ ಸಂಸ್ಥೆಗಳ ಪಂದ್ಯದ ದಾಖಲೆಗಳಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.